ಉದ್ದಿನ ಹಿಟ್ಟು, ಕಬ್ಬಿನ ಹಾಲು ಮತ್ತು ಒಂದು ಬ್ಯಾಕ್ಟೀರಿಯ

ಸಕ್ಕರೆಯ ಸಣ್ಣ ಅಣುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದನೆಯ ಸರಪಳಿ ಕಟ್ಟುವ ಬ್ಯಾಕ್ಟೀರಿಯಗಳು ನಿಸರ್ಗದಲ್ಲಿ ಹಲವಿದ್ದು, ಅವು ಕಟ್ಟುವ ಇಂತಹ ಪಾಲಿಮರ್‌ಗಳಿಗೆ ಪಾಲಿಸ್ಯಾಕರೈಡ್, ಅಂದರೆ ಬಹುಶರ್ಕರ ಎಂಬ ಹೆಸರಿದೆ. ಅವುಗಳಲ್ಲಿ ಪ್ರಸಿದ್ಧವಾದ ಡೆಕ್ಸ್‌ಟ್ರಾನನ್ನು ತಯಾರಿಸುವ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ ಉದ್ದಿನ ಕಾಳಿನಲ್ಲೂ ಕಬ್ಬಿನ ಜಲ್ಲೆಯಲ್ಲೂ ಸಹಜವಾಗಿ ಇರುತ್ತದೆ. ಆದ್ದರಿಂದ ಅದರ ಹೆಸರು ತಿಳಿಯುವ ಎಷ್ಟೋ ಕಾಲ ಮೊದಲೇ ಕನ್ನಡ ನಾಡಿನ ಅಡುಗೆಮನೆಯಲ್ಲಿ ಅದನ್ನು ಬೆಳೆಯಗೊಡುವ ಪದ್ಧತಿಯೂ ಆಲೆಮನೆಯಲ್ಲಿ ಅದಕ್ಕೆ ಎಡೆಗೊಡದ ಪದ್ಧತಿಯೂ ರೂಢಿಗೆ ಬಂದವು.

ಅಡುಗೆಮನೆಯ ಪದ್ಧತಿಗೆ ಲಿಖಿತ ಆಧಾರಗಳು ಹಳೆಯವು. ಸುಮಾರು 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಕಾಲದಲ್ಲಿ, ಅವರ ರಾಜ್ಯದ ಆಶ್ರಯದಲ್ಲಿ ಹುಟ್ಟಿದ ಎರಡು ಗ್ರಂಥಗಳು ಈ ತಿನಿಸಿನ ತಯಾರಿಯನ್ನು ವಿವರಿಸುತ್ತವೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸುವ ಕ್ರಮವಿದ್ದರೆ, 12ನೆಯ ಶತಮಾನದ ಮೊದಲರ್ಧದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಇಡ್ಡರಿಕೆ ಉದ್ದಿನ ಹಿಟ್ಟಿನಿಂದಲೇ ಆಗುವಂಥದು. ಈ ವಿವರಣೆಗಳಲ್ಲಿ ಅಕ್ಕಿಯಾಗಲಿ, ಹಿಟ್ಟನ್ನು ರಾತ್ರಿಯಿಡೀ ಹುಳಿಬರಿಸುವುದಾಗಲಿ, ಹಬೆಯಲ್ಲಿ ಬೇಯಿಸುವುದಾಗಲಿ ಇಲ್ಲವೆಂಬುದನ್ನು ಆಹಾರ ಇತಿಹಾಸಕಾರ ಕೆ.ಟಿ. ಆಚಯ ಅವರು ಎತ್ತಿ ತೋರಿಸಿದ್ದಾರೆ. ಹೀಗಾಗಿ ಇಂದಿನ ಇಡ್ಲಿಯನ್ನು ಚಾಲುಕ್ಯರ ಕಾಲಕ್ಕೆ ನೇರವಾಗಿ ಒಯ್ಯಲು ಬಾರದು. ಉದ್ದಿನ ಹಿಟ್ಟಿಗೆ ಹುಳಿಯ ಸಂಪರ್ಕ ಕಲ್ಪಿಸುವ ರೂಢಿ ಆಗಲೇ ಇತ್ತೆಂಬುದು ಮಾತ್ರ ಲೋಕೋಪಕಾರದಿಂದ ಸಿದ್ಧವಾಗುತ್ತದೆ.

ಅಕ್ಕಿ ಉದ್ದುಗಳನ್ನು ಅರೆದು ಇಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದಕ್ಕೆ ಕಾರಣವೇನೆಂಬುದು ಖಚಿತವಾದದ್ದು 20ನೆಯ ಶತಮಾನದಲ್ಲಿ. 1965ರಲ್ಲಿ ಎಸ್.ಕೆ. ಮುಖರ್ಜಿ, ಕೀತ್ ಸ್ಟೈನ್‌ಕ್ರಾಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವು ಇಡ್ಲಿ ಹಿಟ್ಟನ್ನು ಉಬ್ಬಿಸುವ ಅನಿಲದ ಮುಖ್ಯ ಕರ್ತೃ ಲ್ಯುಕೊನೊಸ್ಟಾಕ್ ಎಂದು ತೋರಿಸಿತು. ಆದರೆ ಆ ಅನಿಲವನ್ನು ಹಿಡಿದಿಡುವ ಲೋಳೆ ಬಹುಮಟ್ಟಿಗೆ ಬ್ಯಾಕ್ಟೀರಿಯದ್ದಲ್ಲ. ಡೆಕ್ಸ್‌ಟ್ರಾನ್ ಕಟ್ಟಲು ಬೇಕಾದ ಸುಕ್ರೋಸ್, ಅಂದರೆ ಕಬ್ಬಿನಲ್ಲಿರುವ ಸಾಮಾನ್ಯ ಸಕ್ಕರೆ, ಉದ್ದಿನಲ್ಲಿ ಅತ್ಯಲ್ಪ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ ಅವರು 1970ರ ದಶಕದಲ್ಲಿ ನಡೆಸಿದ ಸಂಶೋಧನೆಯಿಂದ, ಉದ್ದಿನಲ್ಲೇ ಇರುವ ಅರಾಬಿನೊಗ್ಯಾಲಾಕ್ಟನ್ ಎಂಬ ಬಹುಶರ್ಕರವೂ ನೊರೆಗಟ್ಟಿಸುವ ಪ್ರೋಟೀನೂ ಕೂಡಿ ಗುಳ್ಳೆಗಳನ್ನು ಒಡೆಯದಂತೆ ಕಾಯುತ್ತವೆಂಬುದು ತಿಳಿದುಬಂತು.

ಕಬ್ಬಿನಲ್ಲಿ ಇದೇ ಬ್ಯಾಕ್ಟೀರಿಯದ ವರ್ತನೆ ಬೇರೆ. ಕಡಿದ ಜಲ್ಲೆಯ ತುದಿಯಿಂದಲೋ ಸಿಪ್ಪೆಯ ಬಿರುಕಿನಿಂದಲೋ ಒಳಹೊಕ್ಕು, ಡೆಕ್ಸ್‌ಟ್ರಾನ್‌ಸುಕ್ರೇಸ್ ಎಂಬ ಕಿಣ್ವವನ್ನು ಸ್ರವಿಸಿ, ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲೂಕೋಸ್ ಅಣುಗಳು ಸರಪಳಿಯಾಗಿ ಡೆಕ್ಸ್‌ಟ್ರಾನ್ ಆಗುತ್ತವೆ, ಫ್ರಕ್ಟೋಸ್ ಹಾಗೆಯೇ ಉಳಿಯುತ್ತದೆ. ಈ ಡೆಕ್ಸ್‌ಟ್ರಾನ್‌ನಿಂದ ಕಬ್ಬಿನ ಹಾಲು ಲೋಳೆಯಾದರೆ ಪಾಕ ಸರಿಯಾಗಿ ಹದಕ್ಕೆ ಬಾರದು, ಬೆಲ್ಲ ಗಟ್ಟಿಯಾಗದು. ಕಡಿದ ಕಬ್ಬನ್ನು ತಡಮಾಡದೆ ಗಾಣಕ್ಕೆ ಕೊಡುವುದು, ಹಿಂಡಿದ ಹಾಲನ್ನು ಕೂಡಲೇ ಕೊಪ್ಪರಿಗೆಗೆ ಸುರಿದು ಕುದಿಸುವುದು, ಸುಣ್ಣ ಹಾಕಿ ಹುಳಿಯನ್ನು ಮುರಿಯುವುದು ಆಲೆಮನೆಯ ರೂಢಿಯಾದದ್ದರ ಹಿನ್ನೆಲೆ ಇದು. ನೀರಾ ಇಳಿಸುವವರು ಮಡಕೆಯ ಒಳಗೆ ಸುಣ್ಣ ಸವರುವುದೂ ಸಿಹಿರಸ ಹುಳಿತು ಹೆಂಡವಾಗದಿರಲೆಂದೇ. ಆಲೆಮನೆಯಲ್ಲಿ ಲೋಳೆಗೂ ಒಂದು ಉಪಯೋಗವಿತ್ತೆನ್ನಬೇಕು, ಆದರೆ ಅದು ಬ್ಯಾಕ್ಟೀರಿಯದ ಲೋಳೆಯಲ್ಲ, ಗಿಡದ್ದು: ಬೆಂಡೆ ಗಿಡದ ಕಾಂಡವನ್ನು ಜಜ್ಜಿ ತೆಗೆದ ಅಂಟುರಸವನ್ನು ಕುದಿಯುವ ಹಾಲಿಗೆ ಬೆರೆಸಿದರೆ ಕಲ್ಮಷ ಮೇಲೆ ತೇಲಿಬಂದು ತೆಗೆಯಲು ಸುಲಭವಾಗುತ್ತಿತ್ತು.

ಯುರೋಪಿನಲ್ಲಿಯೂ ಬ್ಯಾಕ್ಟೀರಿಯದ ಲೋಳೆ ಮೊದಲು ಕಾಣಿಸಿಕೊಂಡದ್ದು ಉಪದ್ರವವಾಗಿಯೇ. ದ್ರಾಕ್ಷಾರಸ ಲೋಳೆಯಾಗಲು ಸೂಕ್ಷ್ಮಜೀವಿ ಕಾರಣವೆಂದು ಲೂಯಿ ಪಾಶ್ಚರ್ 1861ರಲ್ಲಿ ಹೇಳಿದ ನಂತರ, ಸಕ್ಕರೆ ಕಾರ್ಖಾನೆಗಳ ಲೋಳೆಯನ್ನು ಪರೀಕ್ಷಿಸಿದ ಶೈಬ್ಲರ್ 1874ರಲ್ಲಿ ಅದನ್ನು ಡೆಕ್ಸ್‌ಟ್ರಾನ್ ಎಂದು ಕರೆದನು. 1878ರಲ್ಲಿ ವಾನ್ ಟೀಗೆಮ್ ಬ್ಯಾಕ್ಟೀರಿಯಕ್ಕೆ ಇಂದಿನ ಹೆಸರಿಟ್ಟನು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕರ್ನಾಟಕದಲ್ಲಿ ಬೆಳೆದ ಕಾರ್ಖಾನೆಗಳಿಗೂ ಕಬ್ಬು ಕಡಿಯುವುದಕ್ಕೂ ನುರಿಸುವುದಕ್ಕೂ ನಡುವಣ ವಿಳಂಬ ದೊಡ್ಡ ಪ್ರಶ್ನೆಯಾಯಿತು. ಡೆಕ್ಸ್‌ಟ್ರಾನ್ ಹೆಚ್ಚಿದರೆ ರಸ ಸೋಸುವುದು ನಿಧಾನವಾಗುತ್ತದೆ, ಸಕ್ಕರೆಯ ಹರಳು ಸೂಜಿಯಂತೆ ನೀಳವಾಗುತ್ತದೆ. ಡೆಕ್ಸ್‌ಟ್ರಾನ್ ಬೆಳಕಿನ ತಲವನ್ನು ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ತಿರುಗಿಸುವುದರಿಂದ, ಸಕ್ಕರೆಯ ಪ್ರಮಾಣವನ್ನು ಬೆಳಕಿನ ಮೂಲಕ ಅಳೆಯುವ ಪೋಲಾರಿಮೀಟರ್ ಇರುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ತೋರಿಸುತ್ತದೆ.

ಈ ಉಪದ್ರವ ಸರಕಾದದ್ದು ಸ್ವೀಡನ್ನಿನಲ್ಲಿ. 1940ರ ದಶಕದಲ್ಲಿ ಉಪ್ಸಾಲದ ಗ್ರೊನ್‌ವಾಲ್ ಮತ್ತು ಇಂಗೆಲ್ಮನ್, ರಕ್ತ ನಷ್ಟವಾದ ರೋಗಿಗಳಲ್ಲಿ ರಕ್ತದ ಪರಿಮಾಣ ಕುಗ್ಗದಂತೆ ನೋಡಿಕೊಳ್ಳಲು ಡೆಕ್ಸ್‌ಟ್ರಾನ್ ದ್ರಾವಣ ಯೋಗ್ಯವೆಂದು ಕಂಡುಕೊಂಡರು. 1947ರಲ್ಲಿ ಅದು ಮ್ಯಾಕ್ರೊಡೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆಲೆಮನೆ ತಪ್ಪಿಸುತ್ತಿದ್ದ ಕ್ರಿಯೆಯನ್ನೇ ಇಲ್ಲಿ ಬೇಕೆಂದು ನಡೆಸಲಾಯಿತು: ಸುಕ್ರೋಸ್ ದ್ರಾವಣದಲ್ಲಿ ಶುದ್ಧ ತಳಿಯನ್ನು ಬೆಳೆಸಿ, ಉಂಟಾದ ಲೋಳೆಯನ್ನು ಮದ್ಯಸಾರದಿಂದ ಬೇರ್ಪಡಿಸಿ, ಆಮ್ಲದಿಂದ ಅದರ ಸರಪಳಿಗಳನ್ನು ತಕ್ಕ ಅಳತೆಗೆ ತುಂಡರಿಸುವುದು ಆ ಕ್ರಮ.

ಕನ್ನಡ ನಾಡಿನ ರೂಢಿಗಳು ಈ ದಿಕ್ಕಿಗೆ ತಿರುಗದಿದ್ದುದಕ್ಕೆ ತಿಳಿವಳಿಕೆಯ ಕೊರತೆಯೊಂದೇ ಕಾರಣವಲ್ಲ. ಬೆಲ್ಲವೇ ಆದಾಯವಾಗಿದ್ದ ರೈತನಿಗೆ ಲೋಳೆಯಾಗಿ ಹೋದ ಸಕ್ಕರೆಯೆಲ್ಲ ನಷ್ಟವೇ ಆಗಿತ್ತು. ಆ ಲೋಳೆಗೆ ಬೆಲೆ ಬಂದದ್ದು ಆಸ್ಪತ್ರೆಗಳು ಅದನ್ನು ಕೊಳ್ಳತೊಡಗಿದ ಮೇಲೆ. ಸುಕ್ರೋಸ್ ಸಿಕ್ಕೆಡೆಯೆಲ್ಲ ಬ್ಯಾಕ್ಟೀರಿಯದ ಕೆಲಸ ಒಂದೇ ಆಗಿದ್ದರೂ ಅದನ್ನು ಹಾಳೆಂದೂ ಉತ್ಪನ್ನವೆಂದೂ ವಿಂಗಡಿಸಿದ್ದು ಆಯಾ ಕಾಲದ ಬೇಡಿಕೆ.