ಅಂಚಿನಲ್ಲಿ ನಿಂತವರು

ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಕಟ್ಟಿಸಿದ ಮಲ್ಲಬೈರೇಗೌಡನ ಮನೆತನದ ಮೂಲ ನೆಲೆ ನಮ್ಮ ಆವತಿ. ಇಲ್ಲಿನ ಬೆಟ್ಟವನ್ನು ಕ್ಯಾಮೆರಾ ಅಡ್ಡ ಹಿಡಿದು ತೆಗೆದರೆ ಹೊಲ, ಬಯಲು, ರಸ್ತೆ ಎಲ್ಲವೂ ಬಂದು ಬೆಟ್ಟ ಕುಗ್ಗುತ್ತದೆ. ಉದ್ದಕ್ಕೆ ಹಿಡಿದರೆ ಬಂಡೆಯ ಮೇಲೆ ಬಂಡೆ ಏರಿ, ಅದೇ ಬೆಟ್ಟ ದುರ್ಗದಂತೆ ಕಾಣುತ್ತದೆ. ಎರಡೂ ನಿಜವೇ. ಆದರೆ ಚರಿತ್ರೆ ಪಾಠ ಮಾಡುವ ನನಗೆ ಒಂದು ಪ್ರಶ್ನೆ ಕಾಡುತ್ತದೆ: ಈ ಚೌಕಟ್ಟಿನ ಉದ್ದಗಲವನ್ನು ಗೊತ್ತು ಮಾಡಿದವರು ಯಾರು?

1854ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಕಾಗದದ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹಳೇಬೀಡಿನ ಗೋಡೆಯ ಆನೆಗಳ ಸಾಲು ಹರಿಯುತ್ತಲೇ ಹೋಗುತ್ತದೆ, ಚಿತ್ರ ಮಾತ್ರ ಎಲ್ಲೋ ಒಂದು ಕಡೆ ತುಂಡಾಗಬೇಕು. ಇದು ಅವನನ್ನೂ ಕಾಡಿರಬೇಕು. 1858ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಬುಡದ ಶಾಸನಗಳನ್ನು ತೆಗೆಯುವಾಗ ಅವನು 21 ಚಿತ್ರಗಳನ್ನು ಒಂದಕ್ಕೊಂದು ಅಂಟಿಸಿ ಸುಮಾರು 19 ಅಡಿ ಉದ್ದದ ಪಟ್ಟಿಯನ್ನೇ ಮಾಡಿದ. ಕಲ್ಲು ಕೇಳಿದ ಅಳತೆ ಅದು!

ಮುಂದೆ ಅಳತೆ ಕಾರ್ಖಾನೆಗಳ ಕೈಗೆ ಹೋಯಿತು. ಆಸ್ಕರ್ ಬಾರ್ನಾಕ್ ಸಿನಿಮಾ ರೀಲಿನ ಎರಡು ಚಿತ್ರಗಳ ಜಾಗವನ್ನು ಒಂದಾಗಿಸಿ 24-36 ಮಿಲಿಮೀಟರಿನ ಚೌಕಟ್ಟು ಮಾಡಿದ. 1925ರಲ್ಲಿ ಲೈಕಾ ಕ್ಯಾಮೆರಾದೊಂದಿಗೆ ಅದು ಮಾರುಕಟ್ಟೆಗೆ ಬಂತು. ನಮ್ಮ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್-3ರದು ಸರಿಚೌಕ. ಅದಕ್ಕೆ ಅಡ್ಡವೂ ಇಲ್ಲ, ಉದ್ದವೂ ಇಲ್ಲ. ಮದುಮಕ್ಕಳನ್ನು ನಟ್ಟನಡುವೆ ನಿಲ್ಲಿಸಿದರೆ ಆಯಿತು. ಹಳೆಯ ಆಲ್ಬಮ್ಮುಗಳಲ್ಲಿ ಎಲ್ಲರೂ ಮಧ್ಯದಲ್ಲೇ ನಿಂತಿರುವುದನ್ನು ನೀವೂ ನೋಡಿರಬಹುದು.

ತೊಂದರೆ ಬಂದದ್ದು ಫಿಲ್ಮಿನ ಅಳತೆಗೂ ಕಾಗದದ ಅಳತೆಗೂ ತಾಳೆಯಾಗದೆ. ಸಣ್ಣ ಫಿಲ್ಮಿನ ಚಿತ್ರವನ್ನು 8 ಅಂಗುಲ ಎತ್ತರಕ್ಕೆ ದೊಡ್ಡದು ಮಾಡಿದರೆ ಉದ್ದ 12 ಅಂಗುಲ ಬೇಕು. ಸ್ಟುಡಿಯೋದಲ್ಲಿ ಸಿಗುತ್ತಿದ್ದ ಕಾಗದ 8-10ರದು. ಉಳಿದ ಎರಡು ಅಂಗುಲ? ಆ ಕಡೆ ಒಂದು, ಈ ಕಡೆ ಒಂದು ಕತ್ತರಿಸಿ ಹೋಗುತ್ತದೆ.

ಶಾಲೆಯ ಗ್ರೂಪ್ ಫೋಟೋದಲ್ಲಿ ಅಂಚಿಗೆ ಯಾರು ನಿಲ್ಲುತ್ತಾರೆ ಎಂದು ಮೇಷ್ಟ್ರುಗಳನ್ನು ಕೇಳಿ. ಹೆಡ್‌ಮಾಸ್ಟರು ಕುರ್ಚಿಯಲ್ಲಿ, ನಡುವೆ. ಚೆನ್ನಾಗಿ ಓದುವವರು ಅವರ ಅಕ್ಕಪಕ್ಕ. ತಡವಾಗಿ ಬಂದವರು, ಸಮವಸ್ತ್ರ ಇಲ್ಲದವರು, "ನಾನ್ಯಾಕೆ ಮಿಸ್, ಬೇಡಿ" ಎನ್ನುತ್ತಲೇ ಬಂದು ನಿಲ್ಲುವ ಆಯಮ್ಮ, ಇವರೆಲ್ಲ ಕೊನೆಗೆ. 1998ರಲ್ಲಿ ನಾನಿದ್ದ ಶಾಲೆಯ ಚಿತ್ರವನ್ನು ಸ್ಟುಡಿಯೋದವರು ಹೀಗೆಯೇ ಕತ್ತರಿಸಿ ಕೊಟ್ಟರು. ಆಯಮ್ಮನ ಸೆರಗಿನ ಒಂದು ಚೂರು ಉಳಿದಿತ್ತು, ಅಷ್ಟೆ. ಇನ್ನೊಂದು ತುದಿಯ ಹುಡುಗ ಪೂರ್ತಿ ಮಾಯ. ಅವನು ತನ್ನ ಪಾಲಿನ ದುಡ್ಡು ಕೊಟ್ಟಿದ್ದ. ಫೋಟೋ ಕೈಗೆ ಬಂದಾಗ ಸಾಲುಸಾಲಾಗಿ ಬೆರಳಿಟ್ಟು ಹುಡುಕಿದ.

ನಾನು ನೆಗೆಟಿವ್ ಕೇಳಿ ತಂದು, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ, ಉಗುರಿನಷ್ಟು ಚಿಕ್ಕದಾಗಿ ಅವನೂ ಇದ್ದ, ಆಯಮ್ಮನೂ ಇದ್ದಳು. ದೊಡ್ಡ ಕಾಗದದಲ್ಲಿ ಎರಡು ಪ್ರತಿ ಹಾಕಿಸಲು ಇಪ್ಪತ್ತು ದಿನ ಹಿಡಿಯಿತು. ಒಂದು ಪ್ರತಿ ಅವನಿಗೆ ಕೊಟ್ಟೆ, ಇನ್ನೊಂದು ಆಯಮ್ಮನ ಮನೆಯ ಗೋಡೆಗೆ ಹೋಯಿತು.