ಹಲವು ಸಾಲು ಒಂದಾಗುವಾಗ: ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಕಿಅಂಶ

ಒಂದೇ ಊರಿನ ಅಥವಾ ಒಬ್ಬನೇ ವ್ಯಕ್ತಿಯ ಮಾಹಿತಿ ಕೋಷ್ಟಕದ ಹಲವು ಸಾಲುಗಳಲ್ಲಿ ಹಂಚಿಹೋಗಿದ್ದರೆ ಅದನ್ನು ಒಂದು ಸಾಲಿಗೆ ತರುವುದು ದತ್ತಾಂಶ ಶುದ್ಧೀಕರಣದ ಮುಖ್ಯ ಹಂತ. ಕೂಡಿಸುವ ಕೆಲಸವನ್ನು ಗಣಕಯಂತ್ರ ಕ್ಷಣದಲ್ಲಿ ಮುಗಿಸುತ್ತದೆ. ಯಾವ ಸಾಲುಗಳು ನಿಜಕ್ಕೂ ಒಂದೇ ಎಂದು ನಿರ್ಧರಿಸುವುದೇ ಕಠಿಣ.

ಬೆಳಗಾವಿ ಜಿಲ್ಲೆ ಇದಕ್ಕೆ ಒಳ್ಳೆಯ ನಿದರ್ಶನ. 2011ರ ಜನಗಣತಿಯ ವೇಳೆ ಮೂಡಲಗಿಯು ಗೋಕಾಕ ತಾಲೂಕಿನಲ್ಲಿತ್ತು. ಅನಂತರ ಪ್ರತ್ಯೇಕ ತಾಲೂಕಾಯಿತು. ಹೀಗಾಗಿ ಹೊಸ ಗಡಿಯ ಗೋಕಾಕವನ್ನು 2011ರ ಗೋಕಾಕದೊಂದಿಗೆ ಹೋಲಿಸಿದರೆ ಜನಸಂಖ್ಯೆ ಕುಸಿದಂತೆ ತೋರುತ್ತದೆ. ಜನ ಗುಳೆ ಹೋದದ್ದಲ್ಲ, ಗಡಿ ಸರಿದದ್ದು. ಗ್ರಾಮಗಳ ಜನಗಣತಿ ಸಂಕೇತ ಸಂಖ್ಯೆ ನೋಡಿ, ಹಳೆಯ ಗಡಿಯೊಳಗಿನ ಸಾಲುಗಳನ್ನೆಲ್ಲ ಕೂಡಿಸಿದ ಬಳಿಕವೇ ಹೋಲಿಕೆ ಸಾಧ್ಯ. ಜನಸಂಖ್ಯೆ, ವಿಸ್ತೀರ್ಣಗಳನ್ನು ಕೂಡಿಸಬಹುದು. ಶೇಕಡಾವಾರು ಸಾಕ್ಷರತೆಯನ್ನು ಕೂಡದು. ಎರಡು ಶೇಕಡಾ ಅಂಕಿಗಳ ಸರಾಸರಿಯೂ ತಪ್ಪು. ಸಾಕ್ಷರರ ಒಟ್ಟು ಸಂಖ್ಯೆಯನ್ನು ಏಳು ವರ್ಷ ಮತ್ತು ಮೇಲ್ಪಟ್ಟವರ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು.

ಹುಕ್ಕೇರಿಯ ತೊಡಕು ಕಾಗುಣಿತದ್ದು. ಇಂಗ್ಲಿಷ್ ಕೋಷ್ಟಕಗಳಲ್ಲಿ ಅದು ಒಮ್ಮೆ ಒಂದು 'ಕೆ', ಒಮ್ಮೆ ಎರಡು 'ಕೆ' ಅಕ್ಷರಗಳೊಂದಿಗೆ ಬರುತ್ತದೆ. ಗಣಕಯಂತ್ರಕ್ಕೆ ಅವು ಎರಡು ಊರುಗಳು. ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಂದು ಬೆಳಗಾವಿ ಎಂದಾದುದರಿಂದ ಹಳೆಯ ಕಡತಗಳು 'ಬೆಲ್ಗಾಂ' ಎನ್ನುತ್ತವೆ.

ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಸುಲಭ ಮಾರ್ಗ. 'ಮರ್ಜ್ ಸೆಲ್ಸ್' ಒತ್ತುವವರೇ ಹೆಚ್ಚು. ಅದು ಮೇಲಿನ ಎಡಮನೆಯ ಮಾಹಿತಿಯನ್ನಷ್ಟೇ ಉಳಿಸಿ ಉಳಿದುದನ್ನು ಅಳಿಸುತ್ತದೆ! ದತ್ತಸಂಚಯದಲ್ಲಿ 'ಗ್ರೂಪ್ ಬೈ' ಆದೇಶ ಬಳಸಬೇಕು. ಪಠ್ಯ ಜೋಡಿಸಲು ಮೈಎಸ್‌ಕ್ಯೂಎಲ್‌ನಲ್ಲಿ 'ಗ್ರೂಪ್ ಕಾನ್‌ಕ್ಯಾಟ್' ಇದೆ, ಆದರೆ ಅದರ ಮೂಲ ಮಿತಿ 1024 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್ ಬೇಕು. 'ಹುಕ್ಕೇರಿ' ಎಂಬುದಕ್ಕೇ 24 ಬೈಟ್. ಗ್ರಾಮಗಳ ಪಟ್ಟಿ ನಡುವೆಯೇ ತುಂಡಾಗುತ್ತದೆ, ಒಂದು ಸಣ್ಣ ಎಚ್ಚರಿಕೆಯ ಹೊರತು ಬೇರೆ ಸುಳಿವಿರದು. ಮಿತಿಯನ್ನು ಮೊದಲೇ ಹೆಚ್ಚಿಸಿಕೊಳ್ಳತಕ್ಕದ್ದು.

ವ್ಯಕ್ತಿಗಳ ಪಟ್ಟಿಯಲ್ಲಿ ಇನ್ನೂ ಎಚ್ಚರ ಅಗತ್ಯ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನೆರೆ ಗೋಕಾಕವನ್ನು ನುಗ್ಗಿದಂತಹ ಸಂದರ್ಭದಲ್ಲಿ ಮನೆ ಹಾನಿ, ಬೆಳೆ ಹಾನಿ ಎಂದು ಒಂದೇ ಕುಟುಂಬ ಎರಡು ಸಾಲುಗಳಲ್ಲಿ ಇರಬಹುದು. ಅದೇ ಊರಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ಇಬ್ಬರು ರೈತರೂ ಇರಬಹುದು. ಅವರನ್ನು ಒಂದಾಗಿಸಿದರೆ ಒಬ್ಬನ ಪರಿಹಾರ ಹೋಯಿತು. ತಂದೆಯ ಹೆಸರು, ಸರ್ವೆ ನಂಬರು ತಾಳೆಯಾಗದೆ ಸಾಲು ಕೂಡಿಸಬಾರದು. ಮೂಲ ಪ್ರತಿಯನ್ನು ಪ್ರತ್ಯೇಕವಾಗಿಟ್ಟು, ಎಷ್ಟು ಸಾಲು ಸೇರಿ ಒಂದಾಯಿತೆಂಬ ಅಂಕಣವನ್ನು ಹೊಸ ಕೋಷ್ಟಕದಲ್ಲಿ ಸೇರಿಸಿದರೆ ಮುಂದೆ ತಕರಾರು ಬಂದಾಗ ಬಿಡಿಸಿ ನೋಡಲು ಸಾಧ್ಯ.