‘ಅಂಡರ್ ಪ್ರೊಟೆಸ್ಟ್’ ಎಂಬ ಷರಾ: ಹೇಳಿಕೆಯೋ, ಆಕ್ಷೇಪಣೆಯೋ?

ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸಗಳು ಅವರು ತೀರಿಕೊಂಡ ಮೇಲೆ, 1962ರಲ್ಲಿ ಅಚ್ಚಾದವು. ಅವುಗಳ ಕೊನೆಯಲ್ಲಿ ಅವರು ಇಂಗ್ಲಿಷ್ ಕ್ರಿಯಾಪದಗಳನ್ನು, ಆಡಿದ ಮಾತಿನಿಂದ ನಡೆಯುವ ಕಾರ್ಯವನ್ನು ನೋಡಿ ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ‘ಸ್ಟೇಟ್’, ‘ಅಫರ್ಮ್’, ‘ಡಿನೈ’ ಒಂದೇ ವರ್ಗದಲ್ಲಿವೆ. ‘ಆಬ್ಜೆಕ್ಟ್’ ಕೂಡ ಅಲ್ಲೇ ಇದೆ. ವಾದವನ್ನು ಮುಂದಿಡುವ, ಬೆಳೆಸುವ, ಒಪ್ಪುವ, ತಳ್ಳುವ ಮಾತುಗಳ ವರ್ಗ ಅದು. ‘ಪ್ರೊಟೆಸ್ಟ್’ ಮಾತ್ರ ಬೇರೆಡೆಗೆ ಹೋಗಿದೆ. ಮನೋಭಾವ ಮತ್ತು ನಡವಳಿಕೆಗೆ ಸೇರಿದ ವರ್ಗದಲ್ಲಿ, ಸವಾಲು ಹಾಕುವ, ಧಿಕ್ಕರಿಸುವ ಕ್ರಿಯಾಪದಗಳ ಪಕ್ಕದಲ್ಲಿ ಅದನ್ನು ಇರಿಸಲಾಗಿದೆ. ಈ ವಿಂಗಡಣೆ ‘ಪ್ರೊಟೆಸ್ಟ್’ನ ಒಂದು ಮುಖ್ಯ ಬಳಕೆಗೆ ಒಗ್ಗುವುದಿಲ್ಲ ಎಂಬುದು ನನ್ನ ವಾದ. ಪೂರ್ವ ಬೆಂಗಳೂರಿನಲ್ಲಿ ಜಮೀನು ಕಳೆದುಕೊಂಡವರಿಗೆ ಆ ಬಳಕೆ ಚೆನ್ನಾಗಿ ಗೊತ್ತು.

ವಿದ್ವಾಂಸರಲ್ಲಿ ಒಮ್ಮತವಿರುವ ಸಂಗತಿಗಳನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಪತ್ರಿಕಾ ವರದಿಯಲ್ಲಿ ‘ಸ್ಟೇಟ್’ ಎಂದು ಬರೆದವನು ಸುದ್ದಿಯ ನಿಜದ ಬಗ್ಗೆ ತಟಸ್ಥ. ‘ಕ್ಲೇಮ್’ ಎಂದವನು ಜಾಮೀನು ನಿಲ್ಲಲು ಹಿಂಜರಿಯುತ್ತಾನೆ. ‘ಅಲೆಜ್’ ಎಂದವನು ದೋಷಾರೋಪವೊಂದನ್ನು ಸಾಬೀತಾಗದ ಸ್ಥಿತಿಯಲ್ಲೇ ವರದಿ ಮಾಡುತ್ತಾನೆ. ಅನ್ನಾ ವಿಯೆರ್ಜ್‌ಬಿಟ್ಸ್ಕಾ ಅವರ 1987ರ ಕೋಶ ಇಂಥ ಕ್ರಿಯಾಪದಗಳಿಗೆಂದೇ ಮೀಸಲಾದದ್ದು. ಹೇಳಿದ ಸಂಗತಿಯನ್ನು ನಿಜವೆಂದು ಹಿಡಿಯುವ ಕ್ರಿಯಾಪದಗಳಿಗೂ ಹಾಗೆ ಹಿಡಿಯದವುಗಳಿಗೂ ಇರುವ ವ್ಯತ್ಯಾಸವನ್ನು ಭಾಷಾವಿಜ್ಞಾನಿಗಳಾದ ಕಿಪಾರ್ಸ್ಕಿ ದಂಪತಿ 1970ರಲ್ಲೇ ತೋರಿಸಿದ್ದರು. ಆದರೆ ಪತ್ರಿಕೆಯ ವಾಕ್ಯಕ್ಕೆ ಒಪ್ಪುವ ಈ ಅರ್ಥಗಳನ್ನು ಕಾನೂನಿನ ಕಾಗದಕ್ಕೆ ಹಾಗೆಯೇ ಒಯ್ಯಬಾರದು. 1894ರ ಭೂಸ್ವಾಧೀನ ಕಾಯ್ದೆಯ 9ನೇ ಪ್ರಕರಣದ ‘ಕ್ಲೇಮ್’ನಲ್ಲಿ ಅನುಮಾನದ ನೆರಳೂ ಇಲ್ಲ. ಅಲ್ಲಿ ಅದು ಪರಿಹಾರಕ್ಕೆ ಮಂಡಿಸಿದ ಹಕ್ಕು.

ದೊಮ್ಮಲೂರು, ಬಿನ್ನಮಂಗಲ, ಕೋಡಿಹಳ್ಳಿ, ತಿಪ್ಪಸಂದ್ರಗಳ ಹೊಲಗಳ ಮೇಲೆ ಇಂದಿರಾನಗರವೂ ಎಚ್‌ಎಎಲ್ ಹಂತಗಳ ಬಡಾವಣೆಗಳೂ ಎದ್ದಿವೆ. ಬಡಾವಣೆಗಳಿಗಾಗಿ ಭೂಸ್ವಾಧೀನ ನಡೆಸಿದ್ದು ಮೊದಲು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರ ಕಾಯ್ದೆಯ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಕೈಗಾರಿಕೆಗೆ ಜಮೀನು ಪಡೆಯಲು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಿತ್ತು. ಕಾಯ್ದೆ ಯಾವುದಾದರೂ, ಪರಿಹಾರದ ಐತೀರ್ಪಿನ ಮಟ್ಟಿಗೆ ಬಹುಪಾಲು 1894ರ ಕಾಯ್ದೆಯ ಮಾತುಗಳೇ ಒಳಗೆ ಬಂದವು. ಅವು ಇಂಗ್ಲಿಷ್ ಮಾತುಗಳು. ಕೇಳಿಸಿಕೊಂಡವರ ಮನೆಮಾತು ಕನ್ನಡ, ತೆಲುಗು, ತಮಿಳು, ದಖನಿ ಉರ್ದು.

1894ರ ಆ ಒಂದೇ ಕಾಯ್ದೆ ಜಮೀನಿನ ಒಡೆಯನ ಬಾಯಿಗೆ ಹಂತಹಂತಕ್ಕೂ ಬೇರೆ ಮಾತು ಕೊಡುತ್ತಿತ್ತು. ಪ್ರಾಥಮಿಕ ಅಧಿಸೂಚನೆ ಬಂದ ಮೂವತ್ತು ದಿನಗಳೊಳಗೆ, 5ಎ ಪ್ರಕರಣದಂತೆ, ಅವನು ‘ಆಬ್ಜೆಕ್ಟ್’ ಮಾಡಬಹುದಿತ್ತು. 9ರಲ್ಲಿ ಅವನದು ‘ಕ್ಲೇಮ್’. ಐತೀರ್ಪನ್ನು ಒಪ್ಪದಿದ್ದರೆ 18ರಂತೆ ನ್ಯಾಯಾಲಯದ ಪರಿಶೀಲನೆ ಕೇಳಬಹುದಿತ್ತು. ಆ ಅರ್ಜಿ ಯಾವ ಆಧಾರದ ಮೇಲೆ ‘ಆಬ್ಜೆಕ್ಷನ್’ ಎಂಬುದನ್ನು ‘ಸ್ಟೇಟ್’ ಮಾಡಬೇಕಿತ್ತು. ಇನ್ನು 31ನೇ ಪ್ರಕರಣದ ಎರಡನೆಯ ಉಪಪ್ರಕರಣ. ಮೊತ್ತ ಸಾಲದೆಂಬ ಬಗ್ಗೆ ‘ಅಂಡರ್ ಪ್ರೊಟೆಸ್ಟ್’ ಹಣ ಪಡೆಯಬಹುದಿತ್ತು; ಹಾಗಲ್ಲದೆ ಪಡೆದವನಿಗೆ 18ರ ಅರ್ಜಿ ಹಾಕುವ ಹಕ್ಕಿರಲಿಲ್ಲ. ಇಡೀ ಕುಟುಂಬದ ಮುಂದಿನ ದಾವೆ ರಸೀದಿಯ ಮೇಲಿನ ಎರಡು ಪದಗಳಿಗೆ ಜೋತುಬಿದ್ದಿರುತ್ತಿತ್ತು. ಈ ಕ್ರಿಯಾಪದಗಳ ಆಯ್ಕೆಯನ್ನು ಶೈಲಿಯ ಸೂಕ್ಷ್ಮವೆಂದು ಬದಿಗಿಡಲಾಗದು.

ಒಂದೇ ಕಾಯ್ದೆಯಲ್ಲಿ ಎರಡು ಪದಗಳು ಬಂದಾಗ ಎರಡು ಕೆಲಸಗಳನ್ನು ಊಹಿಸಬೇಕು. 5ಎ ಪ್ರಕರಣದ ಆಕ್ಷೇಪಣೆ ಉತ್ತರ ಬೇಡುತ್ತದೆ. ಅಧಿಕಾರಿ ಅದನ್ನು ಕೇಳಬೇಕಿತ್ತು, ವಿಚಾರಿಸಬೇಕಿತ್ತು, ವರದಿ ಸಲ್ಲಿಸಬೇಕಿತ್ತು. ಸ್ವಾಧೀನವನ್ನು ತಡೆಯುವುದೇ ಅದರ ಗುರಿ. 18ರ ಆಕ್ಷೇಪಣೆಯೂ ಉತ್ತರ ಬೇಡುತ್ತದೆ. ವಿಷಯವನ್ನು ನ್ಯಾಯಾಲಯಕ್ಕೆ ಒಪ್ಪಿಸಲೇಬೇಕಿತ್ತು. 31ರ ‘ಪ್ರೊಟೆಸ್ಟ್’ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಅಧಿಕಾರಿ ಅದನ್ನು ಓದಿ ಸುಮ್ಮನಿದ್ದರೂ ಅದರ ಕೆಲಸ ಪೂರ್ತಿಯಾಗಿರುತ್ತದೆ. ಹಣ ತೆಗೆದುಕೊಂಡವನು ಒಪ್ಪಿದ್ದಾನೆ ಎಂದು ಲೋಕ ತಿಳಿಯುವುದು ಸಹಜ. ಆ ತಿಳಿವಳಿಕೆಗೆ ಮುಂಚಿತವಾಗಿ ಹಾಕಿದ ತಡೆ ಅದು. ಹೀಗೆ ದಾಖಲೆಯಲ್ಲಿ ಇರುವುದರಿಂದಲೇ ಫಲ ಕೊಡುವ ಮಾತನ್ನು ಸವಾಲಿನ ಪಕ್ಕದಲ್ಲಿಡುವುದಕ್ಕಿಂತ ಹೇಳಿಕೆಯ ಪಕ್ಕದಲ್ಲಿಡುವುದು ಸರಿಯೆನಿಸುತ್ತದೆ.

ಪದದ ಹಳೆಯ ಬಾಳೂ ಇದಕ್ಕೆ ಒದಗುತ್ತದೆ. ಅದರ ಲ್ಯಾಟಿನ್ ಮೂಲಕ್ಕೆ ಎಲ್ಲರೆದುರು ಸಾಕ್ಷಿ ನುಡಿಯುವುದೆಂಬ ಅರ್ಥವಿದೆ. ತಾನು ನಿರಪರಾಧಿ ಎಂದು ಸಾರುವುದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಇದೇ ಕ್ರಿಯಾಪದವಿದೆ. ಅಲ್ಲಿ ಕರ್ಮವಾಗಿ ಬರುವುದು ನಿರಪರಾಧಿತ್ವ, ವಿರೋಧಿಸಿದ ವಸ್ತುವಲ್ಲ. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 100ನೇ ಪ್ರಕರಣ ಇನ್ನೂ ಸ್ಪಷ್ಟ. ಹುಂಡಿ ಅಮಾನ್ಯವಾದುದನ್ನು ನೋಟರಿ ದೃಢೀಕರಿಸಿ ಕೊಡುವ ಪತ್ರಕ್ಕೇ ‘ಪ್ರೊಟೆಸ್ಟ್’ ಎಂದು ಹೆಸರು. ನೋಟರಿಗೆ ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ಸವಾಲಿಲ್ಲ. ನಡೆದುದನ್ನು ಅವನು ದಾಖಲಿಸುತ್ತಾನೆ, ಅಷ್ಟೆ.

ನನಗೆ ಹೆಚ್ಚು ಬಲವಾಗಿ ಕಾಣುವ ಪುರಾವೆ ಕನ್ನಡದ ವಾಕ್ಯರಚನೆಯಲ್ಲಿದೆ. ಕನ್ನಡವು ನಿಲುವಿನ ಭೇದವನ್ನು ಬಹುಮಟ್ಟಿಗೆ ಕ್ರಿಯಾಪದದ ಹಿಂದಿನ ಜೋಡಣೆಗೆ ಬಿಡುತ್ತದೆ. ‘ಮೊತ್ತ ಕಡಿಮೆಯೆಂದು ಆಕ್ಷೇಪಿಸಿದರು’ ಎಂದರೆ ಕಡಿಮೆ ಎಂಬ ಮಾತು ಆಕ್ಷೇಪಿಸಿದವರದು. ‘ಮೊತ್ತ ಕಡಿಮೆಯಾದುದಕ್ಕೆ ಆಕ್ಷೇಪಿಸಿದರು’ ಎಂದರೆ ಕಡಿಮೆಯಾದದ್ದನ್ನು ವರದಿ ಬರೆದವನೂ ಒಪ್ಪಿದಂತೆ. ಇಂಗ್ಲಿಷಿಗೆ ತಿರುಗಿಸುವಾಗ ‘ಆಬ್ಜೆಕ್ಟ್’ನ ಮುಂದೆ ‘ದಟ್’ ಬರಬೇಕೋ ‘ಟು’ ಬರಬೇಕೋ ಎಂಬ ತೊಡಕಿಗೆ ನಮ್ಮ ‘ಎಂದು’ ಮತ್ತು ‘-ದಕ್ಕೆ’ಗಳೇ ದಾರಿ ತೋರುತ್ತವೆ. ನಿರಾಕರಣೆಯಲ್ಲಿ ಮಾತ್ರ ಎಚ್ಚರ ಬೇಕು. ‘ಸಾಲ ಪಡೆದಿಲ್ಲವೆಂದು ನಿರಾಕರಿಸಿದನು’ ಎಂಬುದು ಒಳ್ಳೆಯ ಕನ್ನಡ. ಅದರ ‘ಇಲ್ಲ’ವನ್ನು ‘ಡಿನೈ’ಯ ಜೊತೆಗೂ ಕೊಂಡೊಯ್ದರೆ ಅರ್ಥ ತಲೆಕೆಳಗಾಗುತ್ತದೆ. ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿದಂತೆಯೇ ಎಣಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎದುರು, ಮೇಯೋ ಹಾಲ್‌ನಂಥ ನ್ಯಾಯಾಲಯಗಳಿಗೆ ಲಿಖಿತ ಹೇಳಿಕೆ ಸಿದ್ಧಪಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ರಸೀದಿಯ ಷರಾವನ್ನು ಕನ್ನಡದ ‘-ಇ’ ಕೃದಂತದಲ್ಲಿಟ್ಟು ನೋಡೋಣ. ‘ಮೊತ್ತ ಸಾಲದೆಂದು ತಿಳಿಸಿ ಹಣ ಪಡೆದಿದ್ದೇನೆ’: ಎರಡು ಕ್ರಿಯೆಗಳು ತೊಡಕಿಲ್ಲದೆ ಕೂಡುತ್ತವೆ. ‘ಮೊತ್ತಕ್ಕೆ ಆಕ್ಷೇಪಿಸಿ ಹಣ ಪಡೆದಿದ್ದೇನೆ’: ಇಲ್ಲಿ ಕಿವಿ ತಡವರಿಸುತ್ತದೆ, ‘ಆಕ್ಷೇಪಿಸಿಯೂ’ ಎಂಬ ಊಕಾರ ಬೇಕೆನಿಸುತ್ತದೆ. ‘ಪ್ರತಿಭಟಿಸಿ ಹಣ ಪಡೆದಿದ್ದೇನೆ’ ಎಂದರಂತೂ ಪ್ರತಿಭಟನೆಯೇ ಹಣ ಸಿಗಲು ಕಾರಣವಾಯಿತೆಂದು ಅರ್ಥವಾಗುತ್ತದೆ. ಕಾಯ್ದೆಯ ಉದ್ದೇಶಕ್ಕೆ ಇದು ನೇರ ವಿರುದ್ಧ. ‘ಪ್ರತಿಭಟನೆಯ ಮೇರೆಗೆ ಪಡೆದ ಹಣ’ ಎಂಬ ಅನುವಾದದಲ್ಲೂ ಇದೇ ಅಪಾಯವಿದೆ. ಹೇಳಿಕೆಯ ಕ್ರಿಯಾಪದ ಸುಲಭವಾಗಿ ಕೂಡುವ ಜಾಗದಲ್ಲಿ ವಿರೋಧದ ಕ್ರಿಯಾಪದ ಎಡವುವುದನ್ನು ಆಕಸ್ಮಿಕವೆಂದು ಬಿಡಲು ನಾನು ಸಿದ್ಧನಿಲ್ಲ.

ಹಾಗೆಂದು ಈ ವಾದವನ್ನು ಮಿತಿ ಮೀರಿ ಎಳೆಯಬಾರದು. ಬೀದಿಯ ಪ್ರತಿಭಟನೆಯ ಮಟ್ಟಿಗೆ ಆಸ್ಟಿನ್ ಸರಿಯೇ. ತಮ್ಮ ಕೊನೆಯ ಎರಡು ವರ್ಗಗಳು ತಮಗೇ ತೊಡಕೆನಿಸಿವೆ ಎಂದೂ ಅವರು ಬರೆದಿದ್ದಾರೆ. ಒಂದು ಭಾಷೆಯ ಕೃದಂತದಿಂದ ಇನ್ನೊಂದು ಭಾಷೆಯ ಕ್ರಿಯಾಪದದ ಸ್ವರೂಪವನ್ನು ಪೂರ್ತಿ ಸಾಧಿಸಲೂ ಆಗದು. ಹೆಚ್ಚೆಂದರೆ ಅದು ಒಂದು ಸೂಚನೆ. ‘ತಕರಾರು ಉಳಿಸಿಕೊಂಡು ಪಡೆದಿದ್ದೇನೆ’ ಎಂಬ ವಾಕ್ಯವೂ ಕನ್ನಡಕ್ಕೆ ಒಗ್ಗುತ್ತದೆ, ತಕರಾರು ಆಕ್ಷೇಪಣೆಯ ಕುಲಕ್ಕೇ ಸೇರಿದ್ದು. ಆದರೆ ಇಲ್ಲಿ ತಕರಾರು ಮಾಡುವ ಕ್ರಿಯೆ ನಡೆಯುತ್ತಿಲ್ಲ. ಅದು ಇದೆ, ಇರುತ್ತದೆ ಎಂದಷ್ಟೇ ತಿಳಿಸಲಾಗುತ್ತಿದೆ.

ನನ್ನ ಮಾತಿಗೆ ಗಟ್ಟಿಯಾದ ತಡೆ ಸುಪ್ರೀಂ ಕೋರ್ಟಿನದು. ಅಜಿತ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ (1994) ಪ್ರಕರಣದಲ್ಲಿ, 18ರಂತೆ ಅರ್ಜಿ ಹಾಕಿರುವುದೇ ಒಪ್ಪಿಗೆಯಿಲ್ಲವೆಂಬುದನ್ನು ತೋರಿಸುತ್ತದೆ, ಆದ್ದರಿಂದ ಹಣ ಪಡೆದಿದ್ದರೂ ‘ಪ್ರೊಟೆಸ್ಟ್’ ಅಡಕವಾಗಿದೆ ಎಂದು ನ್ಯಾಯಾಲಯ ಕಂಡಿತು. ಆಡದೆಯೇ ಇದೆಯೆಂದು ತಿಳಿಯಬಹುದಾದುದನ್ನು ಹೇಳಿಕೆ ಎನ್ನುವುದು ಹೇಗೆ? ನನಗೆ ತೋರುವ ಉತ್ತರ ಅರ್ಧದಷ್ಟೇ. ಅಡಕವೆಂದು ತಿಳಿಯಲು ನ್ಯಾಯಾಲಯ ಒಡೆಯನ ಮನಸ್ಸನ್ನು ಕೆದಕಲಿಲ್ಲ. ಅವನೇ ಸಲ್ಲಿಸಿದ ಇನ್ನೊಂದು ಲಿಖಿತವನ್ನು ನೋಡಿತು. ಒಂದು ದಾಖಲೆಯ ಕೊರತೆಯನ್ನು ಇನ್ನೊಂದು ದಾಖಲೆ ತುಂಬಿತು. ಆದರೂ ಈ ತೀರ್ಪಿನ ಮುಂದೆ ‘ಹೇಳಿಕೆಯೇ’ ಎಂದು ಸಾಧಿಸುವ ಬದಲು ‘ಆಕ್ಷೇಪಣೆಗಿಂತ ಹೇಳಿಕೆಗೆ ಹತ್ತಿರ’ ಎನ್ನುವಲ್ಲಿಗೆ ನಿಲ್ಲುತ್ತೇನೆ.

1894ರ ಕಾಯ್ದೆಯ ಜಾಗಕ್ಕೆ ಬಂದ 2013ರ ಹೊಸ ಭೂಸ್ವಾಧೀನ ಕಾಯ್ದೆ ತನ್ನ 77ನೇ ಪ್ರಕರಣದಲ್ಲಿ ಹಳೆಯ ಮಾತನ್ನೇ ಉಳಿಸಿಕೊಂಡಿರುವುದರಿಂದ ಪ್ರಶ್ನೆ ಹಳತಾಗಿಲ್ಲ. ಬಾಯಿಮಾತಿನಲ್ಲಷ್ಟೇ ‘ಸಾಲದು’ ಎಂದು, ಇಂಗ್ಲಿಷ್ ರಸೀದಿಗೆ ಹೆಬ್ಬೆಟ್ಟು ಒತ್ತಿದವರ ಮಾತನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬುದು ಈ ವಿಶ್ಲೇಷಣೆಯಿಂದ ಇತ್ಯರ್ಥವಾಗುವುದಿಲ್ಲ. ದಾಖಲೆಯನ್ನೇ ಆಧಾರವಾಗಿ ಹಿಡಿದ ವಾದದಿಂದ ದಾಖಲೆಯಿಲ್ಲದ ಮಾತು ಹೊರಗುಳಿಯುತ್ತದೆ. ಕೆ.ಆರ್. ಪುರ, ಹಲಸೂರು ಸುತ್ತಿನ ತೆಲುಗು, ತಮಿಳು, ಉರ್ದು ರೂಪಗಳನ್ನು ಕನ್ನಡದ ಜೊತೆಗಿಟ್ಟು ನೋಡುವ ಕೆಲಸವೂ ಬಾಕಿಯಿದೆ. ತೆಲುಗು, ತಮಿಳುಗಳಲ್ಲೂ ‘ಎಂದು’ವಿಗೆ ಸಮನಾದ ಜೋಡಣೆಗಳಿವೆ. ‘-ಇ’ ಕೃದಂತದ ಪರೀಕ್ಷೆ ಅಲ್ಲಿ ಬೇರೆ ಫಲ ಕೊಟ್ಟರೆ ಇಲ್ಲಿಯ ಮುಖ್ಯ ಪುರಾವೆಯನ್ನು ಮತ್ತೆ ತೂಗಿನೋಡಬೇಕಾಗುತ್ತದೆ.